ಪುಲಕೇಶಿಯನ್ನು ಚೀನೀ ಮೂಲದಲ್ಲಿ ಓದಿದ ಬಗೆ: ಕನ್ನಡ ಅನ್ವಯದ ನನ್ನ ಪ್ರಯೋಗ

ವೆನ್‌ಯನ್ (ಹಳೆಯ ಗ್ರಾಂಥಿಕ ಚೀನೀ) ಗದ್ಯಕ್ಕೆ ಕನ್ನಡದಲ್ಲಿ ಅನ್ವಯ ಹಾಕಿಕೊಂಡು, ಅಂದರೆ ಪದಗಳನ್ನು ನಮ್ಮ ವಾಕ್ಯಕ್ರಮಕ್ಕೆ ಕೂಡಿಸಿಕೊಂಡು ಓದುತ್ತೇನೆ ಅಂದಾಗ ತೈಪೆಯ ನಮ್ಮ ವಿಭಾಗದಲ್ಲಿ ನಕ್ಕವರೇ ಹೆಚ್ಚು. "ಆ ಅಭ್ಯಾಸ ಹತ್ತಿದರೆ ಬಿಡುವುದಿಲ್ಲ, ಬಾಯಿಪಾಠ ಮಾಡು" ಅಂದರು ಮೇಷ್ಟರು. ದೆಹಲಿಯಲ್ಲಿ ಚೀನೀ ಓದಿದ ಶಿರಸಿ ಕಡೆಯ ಸೀನಿಯರ್ ಒಬ್ಬರು ಫೋನಿನಲ್ಲೇ ಬೈದರು: "ಮಾರಾಯ, ತೈಪೆಗೆ ಹೋಗಿಯೂ ಕನ್ನಡದಲ್ಲೇ ಯೋಚನೆ ಮಾಡ್ತಿದ್ರೆ ಎಂ.ಎ. ಮುಗಿಸಿದ ಹಾಗೇ!" ಈಗ ವಿರಾಮಚಿಹ್ನೆಯಿಲ್ಲದ ಪಾಠವನ್ನು ಬಿಡಿಸುವ ಪರೀಕ್ಷೆಯಲ್ಲಿ ನಮ್ಮ ತರಗತಿಯ ವಿದೇಶಿಯರ ಪೈಕಿ ನನ್ನದೇ ಮೇಲು. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಅದಕ್ಕೂ ಮೊದಲು ಮಾಡದ್ದೇನಿಲ್ಲ. ಬಾಯಿಪಾಠಕ್ಕೆಂದೇ ಇರುವ ಆ್ಯಂಕಿ (Anki) ಎಂಬ ಆ್ಯಪ್‌ನಲ್ಲಿ ಮೂರೋ ನಾಲ್ಕೋ ಸಾವಿರ ಕಾರ್ಡು ಮಾಡಿದೆ; ಅಕ್ಷರ ಗುರುತು ಸಿಕ್ಕಿತು, ವಾಕ್ಯ ಸಿಗಲಿಲ್ಲ. ಪ್ರತಿ ಅಕ್ಷರದ ಕೆಳಗೆ ಕನ್ನಡ ಅರ್ಥ ಬರೆದೆ. ಪುಟಕ್ಕೊಂದು ಸಂಜೆ ಹೋಯಿತು, ಕೊನೆಗೆ ಕೈಯಲ್ಲಿ ಉಳಿದದ್ದು ಪದಗಳ ಸಂತೆ. ನಾಮಪದಕ್ಕೊಂದು, ಕ್ರಿಯಾಪದಕ್ಕೊಂದು ಬಣ್ಣ ಅಂತ ಜಪಾನಿನ ಅಳಿಸುವ ಪೆನ್ನುಗಳಿಗೆ ಏಳೆಂಟು ನೂರು ತೈವಾನ್ ಡಾಲರ್ ಸುರಿದೆ. ಹಾಳೆ ಕೆಡದಿರಲಿ ಎಂದು ಲ್ಯಾಮಿನೇಷನ್‌ಗೆ ಕೊಟ್ಟರೆ ಯಂತ್ರದ ಬಿಸಿಗೆ ಬರೆದದ್ದೆಲ್ಲ ಮಾಯ! ಆ ಶಾಯಿ ಸುಮಾರು 60 ಡಿಗ್ರಿಗೆ ಅಳಿಸಿಹೋಗುತ್ತದೆ. ತಿಂಗಳಿಗೆ 20,000ದ ವಿದ್ಯಾರ್ಥಿವೇತನ, ಕೋಣೆಯ ಬಾಡಿಗೆಗೇ ಎಂಟೊಂಬತ್ತು ಸಾವಿರ. ಅಲ್ಲಿಂದಾಚೆ ಬರೀ 2ಬಿ ಪೆನ್ಸಿಲು.

ದಾರಿ ತೋರಿಸಿದ್ದು ಪಕ್ಕದಲ್ಲಿ ಕೂರುತ್ತಿದ್ದ ಜಪಾನಿ ಸಹಪಾಠಿ. ಅವಳು ಚೀನೀ ಸಾಲಿನ ಮಗ್ಗುಲಲ್ಲಿ ಪುಟ್ಟ ಗುರುತುಗಳನ್ನು ಹಾಕಿ ಜಪಾನಿ ಕ್ರಮದಲ್ಲೇ ಓದುತ್ತಿದ್ದಳು. ಅವರ ಶಾಲೆಗಳಲ್ಲಿ ಇದನ್ನು ಕಲಿಸುತ್ತಾರೆ, ಹೆಸರು ಕುಂದೊಕು. ಜಪಾನಿಯಲ್ಲೂ ಕ್ರಿಯಾಪದ ಕೊನೆಗೆ, ನಮ್ಮಲ್ಲೂ ಕೊನೆಗೆ. ಹಾಗಿದ್ದ ಮೇಲೆ ನಮಗೇಕೆ ಆಗದು? ಸಂಸ್ಕೃತ ಶ್ಲೋಕಕ್ಕೆ ಕನ್ನಡ ಟೀಕು ಬರೆಯುವವರು ಅನ್ವಯ ಕೂಡಿಸುತ್ತಾರಲ್ಲ, ಅದೇ ಕೆಲಸ.

ಮೊದಲು ಹಿಡಿದದ್ದು ಷ್ವೆನ್‌ಝಾಂಗ್ (ನಾವು ಹ್ಯೂಯೆನ್‌ತ್ಸಾಂಗ್ ಅನ್ನುವವನು) ಪ್ರವಾಸಕಥನದ 11ನೇ ಸಂಪುಟ, ನಮ್ಮ ಇಮ್ಮಡಿ ಪುಲಕೇಶಿ ಬರುವ ಭಾಗ. 646ರಲ್ಲಿ ಮುಗಿದ ಪುಸ್ತಕ. ಪಠ್ಯ ಸಿಬೀಟಾ (CBETA) ಎಂಬ ಚೀನೀ ಬೌದ್ಧ ಗ್ರಂಥಗಳ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ; ಜಪಾನಿನಲ್ಲಿ ಅಚ್ಚಾದ ತೈಶೋ ಎಂಬ ಬೌದ್ಧ ಗ್ರಂಥಮಾಲೆಯ 51ನೇ ಸಂಪುಟ, ಸಂಖ್ಯೆ 2087. ತೈಶೋದ ಚುಕ್ಕಿಗಳನ್ನು ನಂಬಬೇಡಿ. ನಾನು ಅವನ್ನೆಲ್ಲ ಅಳಿಸಿ, ಸಾಲುಗಳ ನಡುವೆ ದಂಡಿಯಾಗಿ ಜಾಗ ಬಿಟ್ಟು ಉದ್ದುದ್ದಕ್ಕೆ ಮುದ್ರಿಸಿಕೊಂಡೆ. ಪುಟಕ್ಕೆ ಒಂದು ಡಾಲರ್. ತಾಳೆ ನೋಡಲು 1985ರ ಝುಂಗ್‌ಹ್ವಾ ಪ್ರಕಾಶನದ ಟಿಪ್ಪಣಿ ಆವೃತ್ತಿಯನ್ನು ಗೊಂಗ್‌ಗ್ವಾನ್ ಕಡೆ ಹಳೇ ಪುಸ್ತಕದಂಗಡಿಯಲ್ಲಿ ಹಿಡಿದೆ. ವಾರದ ಊಟದ ದುಡ್ಡು ಅದಕ್ಕೇ ಹೋಯಿತು.

ಅಕ್ಷರದ ಬಲಕ್ಕೆ ಓದುವ ಕ್ರಮ ತೋರಿಸುವ ಕನ್ನಡ ಅಂಕಿ, ಎಡಕ್ಕೆ ವಿಭಕ್ತಿ. ಹರ್ಷನಿಗೆ ಈ ನಾಡಿನ ಜನ ಮಾತ್ರ ಮಣಿಯಲಿಲ್ಲ ಎನ್ನುವಲ್ಲಿ 'ದು ಬು ಛನ್ ಫು' ಅಂತಿದೆ. ನಿಷೇಧದ 'ಬು' ಮುಂದಿದೆ. ಅದಕ್ಕೆ ೨, 'ಮಣಿ' ಎನ್ನುವ 'ಛನ್ ಫು'ಗೆ ೧. ಓದಿದರೆ ತಾನಾಗಿ 'ಮಣಿಯಲಿಲ್ಲ'. ವಿಭಕ್ತಿಯ ಕೆಲಸ ಮಾಡುವ 'ಯು' ಕಂಡರೆ ಹೆಚ್ಚಾಗಿ ಅಲ್ಲಿ, ಗೆ, ಇಂದ, ಗಿಂತ, ಇವುಗಳಲ್ಲೊಂದು. ನಿಜವಾದ ಲಾಭ ಬೇರೆಯೇ. ಮುಂದೆ 'ಗುಂಗ್ ವಾಂಗ್ ಥಾವ್ ಫಾ ಯೊ ವೆಯ್ ಖ ಷಂಗ್' ಬರುತ್ತದೆ. ಚೀನೀಯಲ್ಲಿ ಕ್ರಿಯಾಪದಗಳೆಲ್ಲ ಬೋಳು. ಕನ್ನಡ ಹಾಗೆ ಬಿಡುವುದಿಲ್ಲ: 'ತಾನೇ ಹೋಗಿ, ದಾಳಿಮಾಡಿದರೂ, ಇನ್ನೂ ಗೆದ್ದಿಲ್ಲ'. 'ಹೋಗಿ'ಯೋ 'ಹೋದ'ನೋ ಎಂದು ಪ್ರತಿ ಕ್ರಿಯಾಪದದಲ್ಲೂ ನಿರ್ಧಾರ ಮಾಡಲೇಬೇಕು. 'ಹೋಗಿ' ಆದರೆ ಅಲ್ಪವಿರಾಮ, 'ಗೆದ್ದಿಲ್ಲ' ಬಂದರೆ ವಾಕ್ಯ ಮುಗಿಯಿತು. ಪರೀಕ್ಷೆಯಲ್ಲಿ ಕೈಹಿಡಿದದ್ದು ಇದೇ.

ಹಾನ್ ಕಾಲದ ಚರಿತ್ರೆಕಾರ ಸ್ಸುಮಾ ಛ್ಯೆನ್ ಬರೆದ ಇತಿಹಾಸಕ್ಕೆ ಹೋದಾಗ ಮತ್ತೆ ಪೆಟ್ಟು ಬಿತ್ತು. 'ಷ್' (ಮಾಡಿಸು), 'ಯಿ' (ಇಂದ), 'ವೆಯ್' (ಆಗು) ಒಂದರ ಹೊಟ್ಟೆಯಲ್ಲೊಂದು ಬಂದರೆ ಅಂಕಿ ಏಳೆಂಟರವರೆಗೂ ಏರಿ ಹಾಳೆ ಗೋಜಲಾಗುತ್ತದೆ. ಅದಕ್ಕೆ ಬೇರೆ ಎರಡು ಗುರುತು ಮಾಡಿಕೊಂಡೆ. 'ಸುವೊ' ಮತ್ತು 'ಝ' ಸೇರಿದಾಗಿನದು ಅದರಲ್ಲೊಂದು, ಸದ್ಯಕ್ಕೆ ಹೇಳುವುದಿಲ್ಲ, ಪ್ರಬಂಧ ಒಪ್ಪಿಸಿಯಾಗಲಿ.

ನಡುವೆ ಥಾಂಗ್ ಕಾಲದ ಪದ್ಯಕ್ಕೂ ಹಚ್ಚಿ ನೋಡಿದೆ. ಪೂರ್ತಿ ದಂಡ. ಜೋಡಿಸಾಲಿನಲ್ಲಿ ಪದಕ್ಕೆ ಪದ ಎದುರುಬದುರು ನಿಂತಿರುತ್ತದೆ. ಅನ್ವಯ ಕೂಡಿಸಿದ ಕೂಡಲೆ ಅದು ಚೆಲ್ಲಾಪಿಲ್ಲಿ. ಪದ್ಯವನ್ನು ಮನೆಯ ಯಜಮಾನಿ ಅಜ್ಜಿಯ ಹತ್ತಿರ ಹೊಕ್ಕಿಯನ್‌ನಲ್ಲಿ (ತೈವಾನಿನಲ್ಲಿ ಬಹಳ ಜನರ ಮನೆಮಾತಾದ ಚೀನೀ ನುಡಿ) ಓದಿಸಿ ಕೇಳಿದ್ದೇ ಒಳ್ಳೆಯದಾಯಿತು. ಮ್ಯಾಂಡರಿನ್ ಕಳೆದುಕೊಂಡ ಪ್, ತ್, ಕ್ ಅಂತ್ಯಗಳು ಅದರಲ್ಲಿ ಉಳಿದಿವೆ, ದನಿಯ ಏರಿಳಿತದ ಲೆಕ್ಕ ಕಿವಿಗೇ ಸಿಗುತ್ತದೆ. ನಾನು ಹೇಳಹೋದರೆ ಮಾತ್ರ ಕನ್ನಡದ ಬಾಯಿ ಕೊನೆಗೊಂದು ಉಕಾರ ಅಂಟಿಸುತ್ತಿತ್ತು, ಅಜ್ಜಿಗೆ ನಗುವೋ ನಗು.

ಕುಮಾರಜೀವನ ಬೌದ್ಧ ಅನುವಾದಗಳಿಗೆ ಇಷ್ಟೆಲ್ಲ ಬೇಕಾಗಿಲ್ಲ. ಬಹುಪಾಲು ನಾಲ್ಕು ನಾಲ್ಕು ಅಕ್ಷರಕ್ಕೆ ತುಂಡಾಗುತ್ತದೆ. ಹೊಸದಾಗಿ ಹಿಡಿಯುವವರು ಕಥನಗದ್ಯದಿಂದ ಶುರುಮಾಡಿ, ದಿನಕ್ಕೆ ಅರ್ಧ ಪುಟ ಸಾಕು. ನನಗೆ ಮೊದಲ ಎರಡು ತಿಂಗಳು ಪುಟಕ್ಕೆ ಮೂರು ತಾಸು ಹಿಡಿಯುತ್ತಿತ್ತು, ಈಗ ಇಪ್ಪತ್ತು ನಿಮಿಷದ ಆಸುಪಾಸು. ಸುಲಭದ ಸಾಲಿಗೆ ಅಂಕಿ ಹಾಕುವುದೂ ತಪ್ಪಿದೆ. ಮೇಷ್ಟರು ಹೋದ ತಿಂಗಳು ನನ್ನ ಹಾಳೆಗಳ ಜೆರಾಕ್ಸ್ ಕೇಳಿದರು. ಕೊಟ್ಟೆ, ಆ ಎರಡು ಗುರುತುಗಳಿದ್ದ ಹಾಳೆ ಬಿಟ್ಟು.