ಆಮೆಯ ಬೆನ್ನು ನೋಡಿ ಕೊಳ್ಳಿ: ಈಜಿನಾ ದ್ವೀಪದ ಬೆಳ್ಳಿ ನಾಣ್ಯ

ನಮ್ಮ ಹಾಸನದ ಕಡೆ ಹಳೇ ನಾಣ್ಯ ಅಂದರೆ ಮೊದಲು ನೆನಪಾಗುವುದು ಹೊಯ್ಸಳರ ಗದ್ಯಾಣ. 'ಶ್ರೀ ತಳಕಾಡುಗೊಂಡ' ಅಂತ ಅದರ ಮೇಲೆ ಕನ್ನಡದಲ್ಲೇ ಇರುತ್ತದೆ, ಓದಿದರೆ ವಿಷ್ಣುವರ್ಧನನದು ಅಂತ ಗೊತ್ತಾಗುತ್ತದೆ. ಗ್ರೀಸಿನ ಈಜಿನಾ ದ್ವೀಪದ ಹಳೆಯ ನಾಣ್ಯಗಳಲ್ಲಿ ಬಹುಪಾಲು ಅಕ್ಷರವೇ ಇಲ್ಲ. ಒಂದು ಕಡೆ ಆಮೆ, ಇನ್ನೊಂದು ಕಡೆ ಗುಳಿ ಬಿದ್ದ ಚೌಕ, ಅಷ್ಟೇ. ಹಾಗಾಗಿ ದುಡ್ಡು ಬಿಚ್ಚುವ ಮೊದಲು ಆಮೆಯ ಬೆನ್ನು ಓದುವುದನ್ನು ಕಲಿಯಿರಿ.

ಬೆನ್ನು ನುಣ್ಣಗಿದ್ದು, ನಡುವೆ ಸಾಲಾಗಿ ಚುಕ್ಕಿಗಳಿದ್ದು, ಕಾಲು ಈಜುರೆಕ್ಕೆಯ ಹಾಗಿದ್ದರೆ ಅದು ಕಡಲಾಮೆ, ಹಳೆಯದು. ಈ ಸರಣಿ ಕ್ರಿ.ಪೂ. 6ನೇ ಶತಮಾನದಲ್ಲಿ ಶುರುವಾಯಿತು. ಚುಕ್ಕಿ ಸಾಲಿನ ಮೇಲ್ತುದಿಯಲ್ಲಿ ಅಕ್ಕಪಕ್ಕ ಇನ್ನೆರಡು ಚುಕ್ಕಿ ಸೇರಿದ್ದರೆ ಸುಮಾರು ಕ್ರಿ.ಪೂ. 480ರ ನಂತರದ್ದು. ಚಿಪ್ಪು ಬಿಲ್ಲೆ ಬಿಲ್ಲೆಯಾಗಿ ಒಡೆದು, ಕಾಲು ಮೋಟಾಗಿದ್ದರೆ ನೆಲದಾಮೆ. ಅಥೆನ್ಸ್ ಈ ದ್ವೀಪವನ್ನು ಗೆದ್ದ ಮೇಲೆ, 5ನೇ ಶತಮಾನದ ನಡುವೆ ಬಂದ ಬದಲಾವಣೆ ಅದು.

ದೊಡ್ಡ ನಾಣ್ಯ ಸ್ಟೇಟರ್, ಸುಮಾರು 12.2 ಗ್ರಾಂ. ಡ್ರಾಕ್ಮ್ ಅದರ ಅರ್ಧ. ಓಬಲ್ ಒಂದು ಗ್ರಾಂ ಆಸುಪಾಸು. ಹೊಸಬರು ಓಬಲ್‌ನಿಂದ ಶುರು ಮಾಡಿ, ಸ್ಟೇಟರ್‌ಗೆ ಜಾಸ್ತಿ ಹಣ ಬೇಕು.

ನನ್ನ ಬಳಿ ಇರುವ ಸ್ಟೇಟರ್‌ನಲ್ಲಿ ಬಲಗಡೆಯ ಮುಂಗಾಲು ಸವೆದು ಹೋಗಿದೆ. ಚಿಪ್ಪಿನ ಅಂಚಿನಲ್ಲಿ ಅರ್ಧಚಂದ್ರದ ಸಣ್ಣ ಠಸ್ಸೆ ಇದೆ. ನನಗೆ ಅದೇ ಇಷ್ಟ. ನಮ್ಮ ದೇಶದ ಹಳೇ ಪಂಚ್‌ಮಾರ್ಕ್ ನಾಣ್ಯಗಳ, ಅಂದರೆ ಠಸ್ಸೆ ಒತ್ತಿದ ಬೆಳ್ಳಿ ತುಂಡುಗಳ, ಮೇಲೂ ಹೀಗೇ ಸಣ್ಣ ಗುರುತು ಕಾಣುತ್ತವೆ ಅಲ್ವಾ? ಕೈಯಿಂದ ಕೈಗೆ ಹೋಗುವಾಗ ಬೆಳ್ಳಿ ನೋಡಿದವರು ಒತ್ತಿದ ಗುರುತು ಅವು. ಕೆಲವರು ಉಳಿಯಿಂದ ಕಡಿದೇ ನೋಡುತ್ತಿದ್ದರು. ಈಜಿಪ್ಟಿನ ಅಸ್ಯುತ್‌ನಲ್ಲಿ ಸಿಕ್ಕ ಸುಮಾರು 900 ಗ್ರೀಕ್ ನಾಣ್ಯಗಳ ನಿಧಿಯಲ್ಲಿ ಅಂಥ ಕಡಿತ ಬಿದ್ದವು ಬೇಕಾದಷ್ಟಿವೆ, ಈಜಿನಾ ಆಮೆಗಳೂ ಇವೆ. ಕಡಿತ ಇದ್ದರೆ ಬೆಲೆ ಇಳಿಯುತ್ತದೆ. ನಾನಂತೂ ಅಂಥದ್ದನ್ನೇ ಕೊಳ್ಳಿ ಅನ್ನುತ್ತೇನೆ, ಒಳಗಿನ ಬೆಳ್ಳಿ ಕಣ್ಣಿಗೇ ಕಾಣುತ್ತದೆ.

ಸ್ಟೇಟರ್‌ನ ನಕಲಿ ಕಂಡುಹಿಡಿಯಲು ಅಕ್ಕಸಾಲಿಗರ ಹತ್ತಿರ ಇರುವಂಥ, 0.01 ಗ್ರಾಂ ತೋರಿಸುವ ತಕ್ಕಡಿ ಸಾಕು. ಮೊದಲು ನಾಣ್ಯ ತೂಗಿ. ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ತೆಳು ದಾರ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡಿಯಿರಿ. 12.2 ಗ್ರಾಂನ ಒಳ್ಳೇ ಬೆಳ್ಳಿಗೆ ತಕ್ಕಡಿ 1.17ರ ಆಸುಪಾಸು ತೋರಿಸಬೇಕು. 1.3 ದಾಟಿದರೆ ಒಳಗೆ ತಾಮ್ರ ಇದೆ ಅಂತ ಅನುಮಾನ ಪಡಿ, ಅದೇ ತೂಕಕ್ಕೆ ತಾಮ್ರ ಬೆಳ್ಳಿಗಿಂತ ಜಾಸ್ತಿ ಜಾಗ ಹಿಡಿಯುತ್ತದೆ. ತಾಮ್ರದ ಮೇಲೆ ಬೆಳ್ಳಿ ತಗಡು ಹೊದಿಸುವ ಮೋಸ ಆ ಕಾಲದಲ್ಲೇ ಇತ್ತು. ಎರಕದ ನಕಲಿಗೆ ಅಂಚು ನೋಡಿ. ಸುತ್ತಲೂ ಗೆರೆ, ಮೈಮೇಲೆ ಸಣ್ಣ ಗುಳ್ಳೆ ಕಂಡರೆ ವಾಪಸ್ ಕೊಡಿ.

ನಾಣ್ಯ ಎಲ್ಲಿಂದ ಬಂತು ಅನ್ನುವ ಕಾಗದ ಕೇಳಿ ತೆಗೆದುಕೊಳ್ಳಿ. ಹಳೇ ಹರಾಜಿನ ಕ್ಯಾಟಲಾಗ್‌ನಲ್ಲಿ ಅದೇ ನಾಣ್ಯದ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಕದ್ದು ಅಗೆದ ನಾಣ್ಯಕ್ಕೆ ನಮ್ಮ ದುಡ್ಡು ಹೋಗಬಾರದು. 100 ವರ್ಷ ದಾಟಿದ ನಾಣ್ಯ ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ಪುರಾತನ ವಸ್ತು. ಇಲ್ಲಿಗೆ ಬಂದ ಮೇಲೆ ನಮ್ಮಿಷ್ಟಕ್ಕೆ ಹೊರದೇಶಕ್ಕೆ ಕಳಿಸುವ ಹಾಗಿಲ್ಲ.

ಮನೆಗೆ ತಂದ ಮೇಲೆ ದಯವಿಟ್ಟು ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಹಬ್ಬಕ್ಕೆ ದೀಪ ಬೆಳಗುವ ಅಭ್ಯಾಸ ಇದಕ್ಕೆ ಬೇಡ. ಆ ಕಪ್ಪು ಪದರ ಹೋದರೆ ಮತ್ತೆ ಬರಲು ಎಷ್ಟೋ ಕಾಲ ಬೇಕು. ಪಿವಿಸಿ ಕವರ್ ಬೇಡ, ಅದು ಹಸಿರು ಅಂಟು ಬಿಡುತ್ತದೆ. ರಬ್ಬರ್ ಬ್ಯಾಂಡ್ ಕೂಡ ಬೇಡ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಸಕಲೇಶಪುರದ ಕಡೆ ಮನೆ ಇರುವವರು ಜೂನ್ ಬರುವ ಮೊದಲೇ ಗಟ್ಟಿ ಮುಚ್ಚಳದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಮಳೆಗಾಲ ಮುಗಿಯುವವರೆಗೆ ಆಗಾಗ ತೆಗೆದು ಪೊಟ್ಟಣ ಬದಲಿಸಿ.