ಮುಖಪುಟದಲ್ಲಿ ಬೀಡಿ ಕಟ್ಟುವವಳು ಬೀಡಿ ಕಟ್ಟುವವಳಾಗಿಯೇ ಬಂದಳು: ನನ್ನ ಅನುಭವ

"ಮುಖಪುಟ ಮಾಡ್ಲಿಕ್ಕೆ ಇಡೀ ಕಾದಂಬರಿ ಓದ್ತೀಯಾ? ಮತ್ತೆ ಊಟಕ್ಕೆ ಏನು ಮಾಡ್ತೀಯಾ?" ಅಂತ ನಕ್ಕವರೆಲ್ಲ ಇದೇ ಕೆಲಸದವರು. ಹಾಗೆ ಪೂರ್ತಿ ಓದಿ ನಾನು ಮುಖಪುಟ ಮಾಡಿದ ಒಂದು ಕಾದಂಬರಿ ಈಗ ಎರಡನೇ ಮುದ್ರಣ ಕಂಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕತೆಯ ಹೆಂಗಸಿಗೆ ಐವತ್ತು ದಾಟಿದೆ. ಕಾಸರಗೋಡಿನ ಬದಿಯಡ್ಕ ಕಡೆಯವಳು, ಕಪ್ಪು, ಬೀಡಿ ಕಟ್ಟಿ ಬದುಕುವವಳು. ಪ್ರಕಾಶಕರು ಆರಿಸಿದ್ದ ಸ್ಟಾಕ್ ಫೋಟೊದಲ್ಲಿ (ಯಾರು ಬೇಕಾದರೂ ತಗೊಂಡು ಬಳಸುವ ಸಿದ್ಧ ಫೋಟೊ) ಇಪ್ಪತ್ತರ ಬೆಳ್ಳಗಿನ ಹುಡುಗಿ, ಜಡೆ ತುಂಬ ಮಲ್ಲಿಗೆ. ಹಿಂದೆ ಬೇಕಲ ಕೋಟೆ ಬೇಕಂತೆ. ಕತೆಯಲ್ಲಿ ಕೋಟೆಯೇ ಇಲ್ಲ! 2009ರಲ್ಲಿ ಜಸ್ಟಿನ್ ಲಾರ್ಬಲೆಸ್ಟಿಯರ್ ಅವರ 'ಲೈಯರ್' ಕಾದಂಬರಿಗೆ ಅಮೆರಿಕದಲ್ಲಿ ಹೀಗೇ ಆಗಿತ್ತು. ಕತೆಯ ಹುಡುಗಿ ಕಪ್ಪು, ಮುಖಪುಟದಲ್ಲಿ ಬಿಳಿ ಹುಡುಗಿ. ಗಲಾಟೆಯಾಗಿ ಬದಲಿಸಿದರು. ಅದನ್ನೂ ಹೇಳಿ ನೋಡಿದೆ. "ಪ್ರೂಫಿನ ಖರ್ಚು ನಿಮ್ಮದಾದರೆ ಮಾಡಿ ಮಾರಾಯ್ರೆ" ಅಂದರು. ಪ್ರೂಫು ಅಂದರೆ ಬಣ್ಣ ನೋಡಲು ಮೊದಲು ತೆಗೆಯುವ ಮಾದರಿ ಪ್ರತಿ.

ಪೆನ್ಸಿಲ್ ಹಿಡಿದು ಓದಿದೆ. ಮುಖದ ಬಗ್ಗೆ ಇದ್ದದ್ದು ನಾಲ್ಕೈದು ಸಾಲು, ಕೈಗಳ ಬಗ್ಗೆ ಪುಟಗಟ್ಟಲೆ. ಸರಿ, ಚಿತ್ರದಲ್ಲಿ ಅವಳ ಮುಖ ತಗ್ಗಿಸಿಬಿಟ್ಟೆ, ಕೈ ದೊಡ್ಡದು ಮಾಡಿದೆ. ಪಕ್ಕದ ಮನೆಯ ಅಕ್ಕನಿಗೆ ಐನೂರು ರೂಪಾಯಿ ಕೊಟ್ಟು ಕೂರಿಸಿ ಫೋಟೊ ತೆಗೆದೆ, ಅದನ್ನು ನೋಡಿ ಬಿಡಿಸಿದೆ. ಮೊದಲ ಚಿತ್ರ ನೋಡಿ ಅವರು, "ಮೊರ ಹೀಗೆ ವಾಲಿದ್ರೆ ಹೊಗೆಸೊಪ್ಪು ಪೂರ್ತಿ ಚೆಲ್ಲಿಹೋಗ್ತದೆ ಅಲ್ವಾ?" ಅಂದರು. ಸ್ಟಾಕ್ ಫೋಟೊ ಮಾತಾಡುವುದಿಲ್ಲ ನೋಡಿ.

ನಿಜವಾದ ತಲೆನೋವು ಪ್ರೆಸ್ಸಿನಲ್ಲಿ. ಪರದೆಯ ಮೇಲೆ ಚಂದ ಕಾಣುವ ಕಪ್ಪು ಚರ್ಮ 300 ಜಿಎಸ್ಎಂ ಆರ್ಟ್ ಕಾರ್ಡಿಗೆ, ಅಂದರೆ ಮುಖಪುಟದ ದಪ್ಪ ಕಾಗದಕ್ಕೆ, ಇಳಿದಾಗ ಕೆಸರಾಯಿತು. ಮೇಲೆ ಹೊಳಪಿಲ್ಲದ ಪ್ಲಾಸ್ಟಿಕ್ ಪದರ, ಮ್ಯಾಟ್ ಲ್ಯಾಮಿನೇಷನ್, ಬಿದ್ದ ಮೇಲೆ ಬೆರಳುಗಳೇ ಕಾಣಲಿಲ್ಲ. ಇನ್ನೊಂದು ಪ್ರೆಸ್ಸಿನ ಹುಡುಗ ನನ್ನನ್ನು ಕೇಳದೆ 'ಬ್ರೈಟ್' ಮಾಡಿ ಕೊಟ್ಟ. ಅಕ್ಕ ರಾತ್ರೋರಾತ್ರಿ ಗೋಧಿ ಬಣ್ಣಕ್ಕೆ ತಿರುಗಿದ್ದರು! ಕೊನೆಗೆ ಚರ್ಮದಲ್ಲಿ ಕಪ್ಪು ಶಾಯಿ ತೀರಾ ಕಡಿಮೆ ಮಾಡಿ, ಹಳದಿ ಮತ್ತು ಮೆಜೆಂತಾ (ಗುಲಾಬಿಗೆಂಪು) ಶಾಯಿಗಳ ಮೇಲೇ ಬಣ್ಣ ಕಟ್ಟಿದೆ. ಹಿನ್ನೆಲೆ ತಿಳಿ ಮಾಡಿದೆ. ಸಯಾನ್ (ನೀಲಿ ಶಾಯಿ) ಎಷ್ಟಿಟ್ಟೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಅನ್ನ. ಒಂದು ಮುಖಪುಟಕ್ಕೆ ಸಿಗುವುದೇ ಮೂರು ಸಾವಿರದ ಆಸುಪಾಸು. ಪ್ರೂಫು, ಮಂಗಳೂರಿಗೆ ಓಡಾಟ ಅಂತ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಯಿತು.

ನಡುವೆ ಸುಮ್ನೆ ಒಂದು ಪ್ರಯೋಗ. ಅಡಿಕೆ ಹಾಳೆಗೆ ಶಾಯಿ ಬಳಿದು, ಕಾಗದ ಒತ್ತಿ, ಸ್ಕ್ಯಾನ್ ಮಾಡಿದೆ. ನಾರಿನ ಗೆರೆಗಳು ಕೈಯ ಸುಕ್ಕಿಗೆ ಹೇಳಿ ಮಾಡಿಸಿದ ಹಾಗೆ ಕೂತವು. ಒಣ ಹಾಳೆಯಲ್ಲಿ ಬರುವುದಿಲ್ಲ, ನೆನೆಸಬೇಕು. ಎಷ್ಟು ಹೊತ್ತು ಅನ್ನುವುದನ್ನು ನೀವೇ ಮಾಡಿ ಕಂಡುಕೊಳ್ಳಿ. ಇನ್ನೊಂದು ಪುಸ್ತಕದ ಶಾಲಾ ಹುಡುಗನಿಗೂ ಅದನ್ನೇ ಹಾಕಿದೆ. ಹುಡುಗ ಅಜ್ಜನಾದ.

ಮೊದಲ ಮುದ್ರಣ ಸುಮಾರು ಐನೂರು ಪ್ರತಿ, ವರ್ಷದೊಳಗೆ ಮುಗಿಯಿತು. ಮುಖಪುಟದಿಂದಲೇ ಅಂತ ನಾನು ಹೇಳುತ್ತೇನೆ, ಲೇಖಕರು ಒಪ್ಪುವುದಿಲ್ಲ.

ಈಗ ಅದೇ ಪ್ರಕಾಶಕರು ಇನ್ನೊಂದು ಕಾದಂಬರಿ ಕಳಿಸಿದ್ದಾರೆ. ಯಕ್ಷಗಾನ ಮೇಳದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಬೇರೆಯವರಿಗೆ ವೇಷ ಕಟ್ಟುವವನ ಕತೆ. ಜೊತೆಗೆ ಒಂದು ಫೋಟೊ: ಕಿರೀಟ, ಪೂರ್ತಿ ಬಣ್ಣ, ಅರಳಿದ ಕಣ್ಣು. ಇಡೀ ಪುಸ್ತಕದಲ್ಲಿ ಅವನು ಒಮ್ಮೆಯೂ ರಂಗಕ್ಕೆ ಹೋಗುವುದಿಲ್ಲ. ಪುಟಸಂಖ್ಯೆ ಬರೆದು ಕಳಿಸಿದ್ದೇನೆ. ಈ ಸಲ ಪ್ರೂಫಿನ ದುಡ್ಡು ಅವರದ್ದು.