ಅಟ್ಟದ ಚೆನ್ನೆಮಣೆ ಇಳಿಸಿ: ಮನೆಯ ಹಿರಿಯರ ಜೊತೆ ಬುದ್ಧಿಯಾಟ ಆಡುವ ಕ್ರಮ

ಎಪ್ಪತ್ತು ದಾಟಿದ ಅಜ್ಜಿಗೆ ಮೊಬೈಲ್ ಆಟ ಕಲಿಸಲು ಹೊರಡುವ ಮೊದಲು ಮನೆಯ ಅಟ್ಟ ಹುಡುಕಿ ನೋಡಿ. ಮಂಗಳೂರು, ಉಡುಪಿ ಕಡೆಯ ಹಳೆಯ ಮನೆಗಳಲ್ಲಿ ತುಳುವರ ಆಟಿ ತಿಂಗಳ ಮಳೆಗೆ ಇಳಿಯುತ್ತಿದ್ದ ಚೆನ್ನೆಮಣೆ, ಅಂದರೆ ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಅಳಗುಳಿ ಮಣೆ, ಅಲ್ಲೇ ಎಲ್ಲಾದರೂ ಇರುತ್ತದೆ. ಕೈಗೆ ರೂಢಿಯಾದ ಕೆಲಸ ನೆನಪಿನ ತೊಂದರೆ ಶುರುವಾದ ಮೇಲೂ ಬಹಳ ಕಾಲ ಉಳಿಯುತ್ತದೆ. ನಿನ್ನೆ ಮನೆಗೆ ಬಂದವರು ಯಾರೆಂದು ಮರೆತವರೂ ಕಾಯಿ ಹಾಕುವಾಗ ತಡವರಿಸದಿರಬಹುದು.

ಒಂದು ಮಾತು ಮೊದಲೇ ತಿಳಿದಿರಲಿ: ಯಾವ ಆಟವೂ ಮರೆವಿನ ಕಾಯಿಲೆಗೆ ಮದ್ದಲ್ಲ. ಅಮೆರಿಕದಲ್ಲಿ 65 ದಾಟಿದ 2,832 ಮಂದಿಯ ಮೇಲೆ ನಡೆದ ‘ಆಕ್ಟಿವ್’ ಅಧ್ಯಯನದಲ್ಲಿ, ಯಾವ ಕೌಶಲದ ತರಬೇತಿ ಕೊಟ್ಟರೋ ಮುಖ್ಯವಾಗಿ ಅದರಲ್ಲೇ ಸುಧಾರಣೆ ಕಂಡಿತು. ಸುಡೊಕು ಮಾಡಿದವರು ಸುಡೊಕುವಿನಲ್ಲಿ ಪಳಗುತ್ತಾರೆ, ಅಷ್ಟರಿಂದ ಮಾತ್ರೆ ತೆಗೆದುಕೊಳ್ಳುವುದು ನೆನಪಾಗುವುದಿಲ್ಲ. ಇನ್ನೊಂದು ಕಡೆ, ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನ ಆಯೋಗದ 2024ರ ವರದಿ ಮರೆವಿನ ಕಾಯಿಲೆಯ, ತಿದ್ದಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಒಂಟಿತನ, ಕಿವಿ ಮಂದವಾಗುವುದು, ದೃಷ್ಟಿ ಕುಂದುವುದು ಇವನ್ನೂ ಸೇರಿಸಿದೆ. ಆದ್ದರಿಂದ ಮೊದಲು ಕನ್ನಡಕದ ನಂಬರು ನೋಡಿಸಿ, ಕಿವಿ ಪರೀಕ್ಷೆ ಮಾಡಿಸಿ. ಎದುರಿಗೆ ಒಬ್ಬರು ಕೂತು ಆಡುವುದಕ್ಕೆ ಆಟದಷ್ಟೇ ಬೆಲೆ ಇದೆ. ಮಕ್ಕಳೆಲ್ಲ ಬೆಂಗಳೂರು, ದುಬೈ ಸೇರಿದ ಮನೆಗಳಲ್ಲಂತೂ ಇನ್ನೂ ಹೆಚ್ಚು.

ಮಣೆಯಲ್ಲಿ ಎರಡು ಸಾಲು, ಸಾಲಿಗೆ 7 ಗುಳಿ. ಪ್ರತಿ ಗುಳಿಗೆ 4ರಂತೆ ಒಟ್ಟು 56 ಕಾಯಿ. ಮಂಜೊಟ್ಟಿ ಮರದ ಕೆಂಪು ಬೀಜ ಬಳಸಿ. ಕಪ್ಪು ಕಣ್ಣಿನ ಗುಲಗಂಜಿ ಖಂಡಿತ ಬೇಡ, ಅದನ್ನು ಜಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವವರ ಜೊತೆ ಸಣ್ಣ ಕಾಯಿಯ ಆಟವನ್ನೇ ಕೈಬಿಡಿ. ಉಳಿದವರ ಜೊತೆಗೂ ಆಟಕ್ಕೆ ಮೊದಲು, ಆಟ ಮುಗಿದ ಮೇಲೆ 56 ಎಣಿಸಿ. ಆ ಎಣಿಕೆಯನ್ನು ಹಿರಿಯರಿಗೇ ಬಿಡಿ. ಹಲಸಿನ ಮರದ ಮಣೆ ಹಳತಾಗಿ ಕಪ್ಪಾಗಿದ್ದರೆ ಕಣ್ಣಿನ ಪೊರೆ ಇರುವವರಿಗೆ ಅದರ ಮೇಲೆ ಕೆಂಪು ಕಾಯಿ ಕಾಣುವುದಿಲ್ಲ. ಅವರಿಗೆ ಆಟ ಮರೆತಿದೆ ಎಂದು ನಾವು ತಪ್ಪು ತಿಳಿಯುವುದು ಹೆಚ್ಚಾಗಿ ಇಲ್ಲೇ. ಸಣ್ಣ ಬಿಳಿ ಕವಡೆ ಹಾಕಿ ನೋಡಿ. ಬೆರಳು ಗಂಟು ಕಟ್ಟಿ ಗುಳಿಯಿಂದ ಎತ್ತಲಾಗದಿದ್ದರೆ 14 ಅಗಲ ಬಾಯಿಯ ಬಟ್ಟಲುಗಳನ್ನು ಎರಡು ಸಾಲಾಗಿ ಇಡಿ. ಕೈ ನಡುಗುವವರಿಗೆ ಮಣೆಯ ಅಡಿಗೆ ಒದ್ದೆ ಬಟ್ಟೆ ಹಾಸಿದರೆ ಮಣೆ ಜಾರುವುದಿಲ್ಲ. ನೆಲದಲ್ಲಿ ಕೂರಿಸಬೇಡಿ, ಮೇಜಿನ ಮೇಲೆ ಆಡಿ.

ಆಟದ ಸರಳ ಕ್ರಮ ಹೀಗೆ. ನಿಮ್ಮ ಸಾಲಿನ ಯಾವುದಾದರೂ ಗುಳಿಯ ಕಾಯಿಗಳನ್ನೆಲ್ಲ ತೆಗೆದು ಬಲಕ್ಕೆ ಒಂದೊಂದೇ ಹಾಕುತ್ತಾ ಹೋಗಿ. ತುದಿಗೆ ಬಂದಾಗ ಎದುರಿನವರ ಸಾಲಿಗೆ ದಾಟಿ. ಕೈಯಲ್ಲಿದ್ದದ್ದು ಮುಗಿದರೆ ಮುಂದಿನ ಗುಳಿಯದನ್ನು ಎತ್ತಿ ಮುಂದುವರಿಸಿ. ಮುಂದಿನ ಗುಳಿ ಖಾಲಿಯಿದ್ದರೆ ಅದರಾಚೆಯ ಗುಳಿಯ ಕಾಯಿ ನಿಮಗೆ, ಸರದಿ ಎದುರಿನವರಿಗೆ. ಎರಡು ಗುಳಿ ಒಟ್ಟಿಗೆ ಖಾಲಿಯಿದ್ದರೆ ಏನೂ ಸಿಗದು. ನಿಮ್ಮ ಮನೆಯ ಕ್ರಮ ಬೇರೆಯಿದ್ದರೆ ಅಜ್ಜಿಯ ಕ್ರಮವೇ ಸರಿ. ಬುದ್ಧಿಗೆ ಕೆಲಸ ಸಿಗುವುದು ಕಾಯಿ ಎತ್ತುವ ಮೊದಲು: ಆರಂಭದಲ್ಲಿ ಎಡದಿಂದ 2ನೆಯ ಗುಳಿ ಎತ್ತಿದರೆ 3, 4, 5, 6ರಲ್ಲಿ ಬೀಳುತ್ತದೆ, ಮುಂದೆ 7 ಎತ್ತಬೇಕು. “ಎಲ್ಲಿ ಮುಗಿಯಬಹುದು ಅಜ್ಜಿ?” ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಸುತ್ತು ತುಂಬ ಉದ್ದವಾಗಿ ದಾರಿ ತಪ್ಪಿದರೆ ಸಾಲಿಗೆ 4 ಗುಳಿ ಮಾತ್ರ ಇಟ್ಟು 32 ಕಾಯಿಯಲ್ಲಿ ಆಡಿ.

ಕೆಲವು ಮನೆಗಳಲ್ಲಿ ಆಟಿ ಬಿಟ್ಟು ಬೇರೆ ತಿಂಗಳಲ್ಲಿ ಚೆನ್ನೆ ಆಡುವುದಿಲ್ಲ, ಒಡಹುಟ್ಟಿದವರು ಎದುರುಬದುರು ಕೂರುವುದಿಲ್ಲ. ಹಿರಿಯರು ಬೇಡವೆಂದರೆ ಒತ್ತಾಯಿಸಬೇಡಿ.

ಆಗ ಪದಬಂಧ ಇದೆ. ಪತ್ರಿಕೆಯಲ್ಲಿರುವ ಅಳತೆಯಲ್ಲೇ ಕೊಟ್ಟರೆ ಚೌಕದಲ್ಲಿ ಒತ್ತಕ್ಷರ ಹಿಡಿಸುವುದಿಲ್ಲ, ಅಜ್ಜ ಎರಡೇ ನಿಮಿಷದಲ್ಲಿ ಪೆನ್ನು ಕೆಳಗಿಡುತ್ತಾರೆ. ಜೆರಾಕ್ಸ್ ಅಂಗಡಿಯಲ್ಲಿ 141 ಶೇಕಡಾ ಹಿಗ್ಗಿಸಿದರೆ ಎ4 ಹಾಳೆ ಎ3 ಆಗುತ್ತದೆ, ಪೆನ್ಸಿಲ್ ಕೊಡಿ. ಸುಡೊಕು ಗೊತ್ತಿಲ್ಲದವರಿಗೆ 4×4ರಿಂದ ಆರಂಭ. ಚಿತ್ರ ಜೋಡಣೆಯನ್ನು ಮನೆಯಲ್ಲೇ ಮಾಡಬಹುದು: ತರವಾಡು ಮನೆಯದೋ ಊರಿನ ತೇರಿನದೋ ಫೋಟೊವನ್ನು ಎ4 ಅಳತೆಗೆ ಮುದ್ರಿಸಿ, ದಪ್ಪ ರಟ್ಟಿಗೆ ಅಂಟಿಸಿ 12 ತುಂಡು ಮಾಡಿ. ಮೈದಾ ಅಂಟು ಬೇಡ, ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಫೆವಿಕಾಲ್ ತೆಳ್ಳಗೆ ಸವರಿ, ಮೇಲೆ ಭಾರ ಹೇರಿ ಎರಡು ದಿನ ಬಿಡಿ. ಅವಸರಪಟ್ಟರೆ ರಟ್ಟು ಬಾಗುತ್ತದೆ.

ಹೊತ್ತು ಬೆಳಗಿನ ಕಾಫಿ-ತಿಂಡಿ ಆದ ಮೇಲಿನದು, 20ರಿಂದ 30 ನಿಮಿಷ, ಟಿವಿ ಬಂದ್. ಮರೆವಿನ ಕಾಯಿಲೆ ಇರುವ ಹಲವರಿಗೆ ಮುಸ್ಸಂಜೆಯಲ್ಲಿ ಗೊಂದಲ ಹೆಚ್ಚುತ್ತದೆ, ಆಗ ಮಣೆ ತೆರೆಯಬೇಡಿ. ಹೆಚ್ಚಿನ ಮನೆಗಳಲ್ಲಿ ಆಟ ಕೆಡುವುದು ನಾವು ಪರೀಕ್ಷೆ ಮಾಡಲು ಹೊರಟಾಗ: “ಅಷ್ಟೂ ಗೊತ್ತಾಗುವುದಿಲ್ಲವಾ?” ಎಂಬ ಒಂದೇ ಮಾತಿಗೆ ಅವರು ಮರುದಿನ ತಲೆನೋವು ಎನ್ನುತ್ತಾರೆ. “ನನಗೆ ಲೆಕ್ಕ ತಪ್ಪಿತು, ಒಮ್ಮೆ ನೋಡಿ” ಎನ್ನಿ. ಸುಮಾರು ಅರ್ಧದಷ್ಟು ಆಟ ಅವರು ಗೆಲ್ಲುವಂತಿದ್ದರೆ ಕಷ್ಟದ ಮಟ್ಟ ಸರಿಯಿದೆ. ಬೇಕೆಂದೇ ಸೋಲಬೇಡಿ, ಅವರಿಗೆ ತಿಳಿಯುತ್ತದೆ.

ಚೆನ್ನಾಗಿ ಆಡುತ್ತಿದ್ದವರು ಒಂದೆರಡು ದಿನದಲ್ಲಿ ಹಠಾತ್ತನೆ ಗೊಂದಲಕ್ಕೆ ಬಿದ್ದರೆ ಆಟ ಬಿಟ್ಟು ತಡಮಾಡದೆ ಆಸ್ಪತ್ರೆಗೆ ಹೋಗಿ. ಮೂತ್ರದ ಸೋಂಕು, ಸೋಡಿಯಂ ಇಳಿಕೆ, ಹೊಸ ಮಾತ್ರೆ ಇವು ಕಾರಣವಿರಬಹುದು. ಎರಡು ವಾರ ಆಟವೂ ಬೇಡ, ಊಟವೂ ಬೇಡ, ನಿದ್ದೆಯೂ ಇಲ್ಲ ಎಂದಾದರೆ ಅದು ಖಿನ್ನತೆ ಇರಬಹುದು, ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.